ಮೊದಲ ರೆಕಾರ್ಡಿಂಗ್ ಆಯ್ತಾ? ‘ಹೆಂಗಿದೆ’ ಅಂತ ಮಾತ್ರ ಕೇಳ್ಬೇಡಿ

ಸ್ಟುಡಿಯೋದಿಂದ ಮೊದಲ ರಫ್ ಮಿಕ್ಸ್ (ಹಾಡಿನ ಕಚ್ಚಾ ಪ್ರತಿ) ಬಂದ ತಕ್ಷಣ ಹೊಸ ಬ್ಯಾಂಡ್‌ನವರು ಮಾಡೋ ಕೆಲಸ ಒಂದೇ. ಗೊತ್ತಿರೋ ಎಲ್ಲಾ ವಾಟ್ಸಾಪ್ ಗ್ರೂಪಿಗೂ ಹಾಡು ಹಾಕಿ ಕೆಳಗೆ ‘ಹೆಂಗಿದೆ ಹೇಳ್ರೋ’ ಅಂತ ಬರೆಯೋದು. ಐದು ನಿಮಿಷದ ಹಾಡಿಗೆ ಎರಡನೇ ನಿಮಿಷಕ್ಕೇ ‘ಬೆಂಕಿ ಮಗಾ’, ‘ಚಿಂದಿ ಗುರು’ ಬಂದಿರುತ್ತೆ, ಯಾರೋ ಚಿಕ್ಕಪ್ಪ ಕೈಮುಗಿಯೋ ಎಮೋಜಿ ಹಾಕಿರ್ತಾರೆ. ಖುಷಿಪಡೋಕೆ ಇದು ಸಾಕು, ಆದ್ರೆ ಹಾಡು ಸರಿ ಮಾಡೋಕೆ ಇದ್ರಿಂದ ಒಂದು ಪೈಸೆ ಉಪಯೋಗ ಇಲ್ಲ. ಅವರನ್ನ ಬೈಯೋ ಹಾಗೂ ಇಲ್ಲ, ಊಟಕ್ಕೆ ಕರೆದು ಎದುರಿಗೇ ಕೂತು ‘ಸಾರು ಹೆಂಗಿದೆ’ ಅಂದ್ರೆ ಚೆನ್ನಾಗಿಲ್ಲ ಅಂತ ಯಾರು ತಾನೇ ಹೇಳ್ತಾರೆ?

ಬೇರೆ ಬ್ಯಾಂಡ್‌ಗಳ ರಫ್ ಮಿಕ್ಸ್ ಕೇಳಿ ಕೇಳಿ, ನಮ್ದನ್ನೂ ಬೇರೆಯವರಿಗೆ ಕೇಳಿಸಿ ನನಗೆ ಗಟ್ಟಿಯಾಗಿರೋ ಅಭಿಪ್ರಾಯ ಏನಂದ್ರೆ, ಹಾಡಲ್ಲಿ ಎಲ್ಲಿ ಏನೋ ಎಡವಟ್ಟಾಗಿದೆ ಅನ್ನೋದು ಯಾರಿಗಾದ್ರೂ ಗೊತ್ತಾಗುತ್ತೆ, ಸಂಗೀತ ಗೊತ್ತಿಲ್ಲದೋರಿಗೂ ಗೊತ್ತಾಗುತ್ತೆ. ಯಾಕೆ ಹಂಗಾಗಿದೆ, ಏನು ಮಾಡಿದ್ರೆ ಸರಿಹೋಗುತ್ತೆ ಅನ್ನೋದು ಮಾತ್ರ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಾಗಲ್ಲ, ಆದ್ರೂ ಹೇಳೋಕೆ ಬಿಡಲ್ಲ. ಅದಕ್ಕೇ ಜಾಗ ಅವರಿಂದ ಕೇಳ್ಕೊಳ್ಳಿ, ಔಷಧಿ ನೀವೂ ಸ್ಟುಡಿಯೋ ಎಂಜಿನಿಯರೂ ಹುಡುಕಿ.

ಯಾವಾಗ ಕೇಳೋದು

ರೆಕಾರ್ಡಿಂಗ್, ಮಿಕ್ಸಿಂಗ್ (ಎಲ್ಲಾ ವಾದ್ಯ, ದನಿ ಹದವಾಗಿ ಸೇರಿಸೋದು), ಮಾಸ್ಟರಿಂಗ್ (ರಿಲೀಸ್‌ಗೆ ಮುಂಚಿನ ಕೊನೇ ಹದ) ಮೂರೂ ಬೇರೆ ಬೇರೆ ಹಂತ, ಒಂದೊಂದರಲ್ಲಿ ಸರಿಮಾಡೋಕೆ ಆಗೋದೂ ಬೇರೆ ಬೇರೆ. ಡ್ರಮ್ಮರ್ ಎರಡನೇ ಚರಣಕ್ಕೆ ಹೋಗುವಾಗ ಬಾರಿಸೋ ಸಣ್ಣ ತುಣುಕಲ್ಲಿ, ಅಂದ್ರೆ ಫಿಲ್‌ನಲ್ಲಿ, ಓಡಿಬಿಟ್ಟಿದ್ರೆ ಅದನ್ನ ಕಂಡುಹಿಡಿಯೋಕೆ ಸರಿಯಾದ ಟೈಮು ಡ್ರಮ್ ಸೆಟ್ ಇನ್ನೂ ಮೈಕ್ ಸಮೇತ ನಿಂತಿರುವಾಗ. ಮಾಸ್ಟರ್ ಆದ್ಮೇಲೆ ಗೊತ್ತಾದ್ರೆ ಅದು ಫೀಡ್‌ಬ್ಯಾಕ್ ಅಲ್ಲ, ಬರೀ ಸಂಕಟ. ಹಾಗಾಗಿ ಮೊದಲ ಸುತ್ತು ಟ್ರ್ಯಾಕಿಂಗ್, ಅಂದ್ರೆ ರೆಕಾರ್ಡಿಂಗ್, ಮುಗಿಯೋ ದಿನ ಸಂಜೇನೇ ಆಗ್ಬೇಕು, ಅದೂ ಹೊರಗಿನ ಒಬ್ಬರೋ ಇಬ್ಬರೋ ಸಾಕು. ಸ್ಟುಡಿಯೋದವರಿಗೆ ಒಂದು ರಫ್ ಬೌನ್ಸ್ (ಅಲ್ಲಿವರೆಗೆ ಆಗಿರೋದರ ಆಡಿಯೋ ಫೈಲ್) ಕೊಡಿ ಅಂತ ಕೇಳಿ, ಆಚೆ ಟೀ ಕುಡಿಯೋಕೆ ಹೋದಾಗ ಫೋನಲ್ಲೇ ಕೇಳಿಸಿ, ಶ್ರುತಿ ತಾಳ ಬಿಟ್ಟು ಬೇರೇನೂ ಕೇಳ್ಬೇಡಿ. ಈ ಹಂತದಲ್ಲಿ ಸೌಂಡ್ ಚೆನ್ನಾಗಿಲ್ಲ ಅಂತ ಯಾರಾದ್ರೂ ಅಂದ್ರೆ ನಗ್ತಾ ತಲೆ ಆಡಿಸಿ, ಮಿಕ್ಸೇ ಆಗಿಲ್ಲ ಇನ್ನೂ.

ಮುಖ್ಯವಾದ ಸುತ್ತು ಮಿಕ್ಸ್ ಹಂತದ್ದು. ಎಂಜಿನಿಯರ್ ಮೊದಲ ಮಿಕ್ಸ್ ಕಳ್ಸಿದ್ಮೇಲೆ ಒಂದೆರಡು ದಿನ ಬ್ಯಾಂಡ್‌ನವರು ಯಾರೂ ಅದನ್ನ ಕೇಳದೇ ಇರೋದು ಒಳ್ಳೇದು. ಕಷ್ಟ ಅಂತ ಗೊತ್ತು, ಆದ್ರೆ ಅದೇ ಹಾಡನ್ನ ಒಂದೇ ಸಮ ಕೇಳಿ ಕೇಳಿ ಕಿವಿ ಸುಸ್ತಾಗಿರುತ್ತೆ, ಆವಾಗ ಟ್ರೆಬಲ್ ಎಷ್ಟಿದ್ರೂ ಕಡಿಮೆ ಅನ್ಸುತ್ತೆ. ಹಂಗೇ ಸೆಷನ್ ಬುಕ್ ಮಾಡೋಕೆ ಮುಂಚೇನೇ ಸ್ಟುಡಿಯೋದವರ ಹತ್ರ ಎಷ್ಟು ಸಲ ತಿದ್ದಿಕೊಡ್ತೀರಾ ಅಂತ ಮಾತಾಡ್ಕೊಂಡಿರಿ. ಎರಡೋ ಮೂರೋ ಸಲ ಅದೇ ದುಡ್ಡಲ್ಲಿ ಮಾಡಿಕೊಟ್ಟು ಆಮೇಲಿಂದ ಗಂಟೆ ಲೆಕ್ಕ ಹಾಕೋರು ಜಾಸ್ತಿ. ಅಂದ್ರೆ ಸಿಕ್ಕ ಸಿಕ್ಕ ಹಾಗೆ ‘ಅಣ್ಣ ಗಿಟಾರ್ ಸ್ವಲ್ಪ’ ಅಂತ ಮೆಸೇಜ್ ಹಾಕ್ತಾ ಹೋದ್ರೆ ಇರೋ ಅವಕಾಶ ಅದ್ರಲ್ಲೇ ಮುಗಿಯುತ್ತೆ.

ಯಾರನ್ನ ಕೇಳೋದು

ಎಲ್ಲರನ್ನೂ ಎಲ್ಲದಕ್ಕೂ ಕೇಳ್ಬೇಡಿ. ಒಬ್ಬೊಬ್ಬರ ಕಿವಿ ಒಂದೊಂದಕ್ಕೆ ಚುರುಕು.

ಬೇರೆ ಬ್ಯಾಂಡ್‌ನ ಗಿಟಾರಿಸ್ಟ್‌ನ ಕೇಳಿದ್ರೆ ಅವನು ನಿಮ್ ಗಿಟಾರ್ ಟೋನ್ ಬಗ್ಗೆ ಅರ್ಧ ಗಂಟೆ ಮಾತಾಡ್ತಾನೆ, ಯಾವ ಪೆಡಲ್ ಅಂತ ಕೇಳ್ತಾನೆ, ಹಾಡು ಏನು ಹೇಳ್ತಿದೆ ಅನ್ನೋದು ಕೇಳ್ಸಿಕೊಂಡಿರೋದೇ ಇಲ್ಲ. ಆದ್ರೂ ಅವನೊಬ್ಬ ಬೇಕು, ಗಿಟಾರ್‌ಗೆ ಮಾತ್ರ. ಡ್ರಮ್ಸ್‌ಗೆ ಇನ್ನೊಬ್ಬ ಡ್ರಮ್ಮರ್‌ಗಿಂತ ಬೇಸ್ ನುಡಿಸೋರು ಒಳ್ಳೆ ಕಿವಿ, ಇದನ್ನ ಬೇಸ್ ನುಡಿಸೋನಾಗಿ ಹೇಳ್ತಿದೀನಿ ಅಂತ ಯಾರಾದ್ರೂ ಅನ್ಬಹುದು, ಅನ್ಲಿ. ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಮತ್ತೆ ಬೇಸ್ ಒಟ್ಟಿಗೆ ಬೀಳ್ತಿದ್ಯಾ ಇಲ್ವಾ ಅನ್ನೋದು ಅವರಿಗೆ ಹೊಟ್ಟೆಯಲ್ಲೇ ಗೊತ್ತಾಗುತ್ತೆ.

ನಮ್ಮ ಕಡೆ ಸಿಗೋ ಒಂದು ಅನುಕೂಲ ಏನಂದ್ರೆ ಪ್ರತಿ ಬೀದಿಯಲ್ಲೂ ಕರ್ನಾಟಕ ಸಂಗೀತ ಕಲಿತಿರೋ ಒಬ್ಬರಾದ್ರೂ ಇರ್ತಾರೆ. ಪಿಟೀಲು ಮೇಷ್ಟ್ರೋ ಮೃದಂಗ ಕಲಿಸೋರೋ ಪಕ್ಕದ ಮನೆ ಹಾಡೋ ಆಂಟಿನೋ, ಅವರಿಗೆ ಶ್ರುತಿ ಕೂದಲೆಳೆ ಜಾರಿದ್ರೂ ಗೊತ್ತಾಗುತ್ತೆ, ಲಯ ಓಡಿದ್ರೂ ಗೊತ್ತಾಗುತ್ತೆ. ಗಿಟಾರ್‌ನ ಒರಟು ಸದ್ದು, ಅಂದ್ರೆ ಡಿಸ್ಟಾರ್ಷನ್, ಕೇಳಿ ಮುಖ ಹಿಂಡ್ತಾರೆ, ಅದನ್ನ ತಲೆಗೆ ಹಚ್ಕೋಬೇಡಿ. ಅವರಿಗೆ ಕೊಡುವಾಗ ಗಿಟಾರ್ ಇಳಿಸಿ ಹಾಡೂ ಡ್ರಮ್ಸೂ ಮುಂದೆ ಇರೋ ಹಾಗೆ ಬೇರೆ ಒಂದು ಕಾಪಿ ಮಾಡಿಸ್ಕೊಂಡು ಹೋಗಿ, ‘ಸಾರ್, ಎಲ್ಲೆಲ್ಲಿ ಶ್ರುತಿ ಬಿಟ್ಟಿದೀನಿ, ಎಲ್ಲಿ ಲಯ ಓಡ್ತಿದೆ ಅಷ್ಟು ಹೇಳಿ ಸಾಕು’ ಅಂತ ಕೇಳಿ.

ಇನ್ನೊಬ್ಬರನ್ನ ರಾಕ್ ಬ್ಯಾಂಡ್‌ನೋರು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ಅದು ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಸೌಂಡ್ ಮಾಡೋ ಅಣ್ಣಂದಿರು. ಕೆಟ್ಟ ಮೈದಾನ, ಬೀಸೋ ಗಾಳಿ, ಎರಡು ಕೀಬೋರ್ಡು, ರಿದಮ್ ಪ್ಯಾಡು, ಇಷ್ಟರ ಮೇಲೆ ಕನ್ನಡ ಮಾತು ಕೊನೇ ಸಾಲಿಗೆ ಕೇಳಿಸೋ ಹಾಗೆ ಮಾಡೋದೇ ಅವರ ದಿನಗೂಲಿ. ನಿಮ್ಮ ಹಾಡಲ್ಲಿ ವೋಕಲ್ ಎಲ್ಲಿ ಮುಳುಗ್ತಿದೆ ಅನ್ನೋದನ್ನ ಅವರಷ್ಟು ಬೇಗ ಹೇಳೋರು ನನಗಂತೂ ಸಿಕ್ಕಿಲ್ಲ.

ಆಮೇಲೆ ರಾಕ್ ಕೇಳದೇ ಇರೋರು ಇಬ್ಬರು ಮೂವರು, ರಾಕ್ ಕೇಳೋ ಆದ್ರೆ ನಿಮ್ ಪರಿಚಯ ಇಲ್ಲದ ಒಬ್ಬರು. ಫ್ರೆಂಡಿನ ಫ್ರೆಂಡು, ಆಫೀಸಲ್ಲಿ ಬೇರೆ ಫ್ಲೋರಿನೋರು, ಹಂಗೆ. ಪರಿಚಯ ಇಲ್ಲದೋರಿಗೆ ಯಾರ ಹಾಡು ಅಂತ ಹೇಳದೇನೇ ಕೊಡೋದು ಇನ್ನೂ ಒಳ್ಳೇದು. ಗರ್ಲ್‌ಫ್ರೆಂಡು ಬಾಯ್‌ಫ್ರೆಂಡು ಅಪ್ಪ ಅಮ್ಮ ಇವರೆಲ್ಲ ಕೇಳ್ಲಿ, ಸಂತೋಷ ಪಡ್ಲಿ, ಲೆಕ್ಕಕ್ಕೆ ಬೇಡ. ಒಟ್ಟು ಏಳೆಂಟು ಜನ ಸಾಕೇ ಸಾಕು. ಅದಕ್ಕಿಂತ ಜಾಸ್ತಿ ಆದ್ರೆ ಹೇಳಿದ್ದನ್ನೇ ಹೇಳ್ತಾರೆ, ಇಲ್ಲಾ ಒಬ್ಬರಿಗೊಬ್ಬರು ಉಲ್ಟಾ ಹೇಳಿ ತಲೆ ಕೆಡಿಸ್ತಾರೆ.

ಫೈಲ್ ಕಳ್ಸೋದ್ರಲ್ಲೇ ಅರ್ಧ ಎಡವಟ್ಟು

ಸ್ಪೀಕರ್ ಮುಂದೆ ಫೋನ್ ಹಿಡ್ದು ವಾಯ್ಸ್ ನೋಟ್ ಮಾಡಿ ಕಳ್ಸೋರು ಈಗ್ಲೂ ಇದಾರೆ, ದಯವಿಟ್ಟು ಬೇಡ. ಸ್ಟೇಟಸ್ ವಿಡಿಯೋ ಮಾಡಿ ಹಾಕೋದೂ ಬೇಡ. 320 ಕೆಬಿಪಿಎಸ್ ಎಂಪಿ3 ಮಾಡಿ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳ್ಸಿ, ಅಥವಾ ಡ್ರೈವ್ ಲಿಂಕ್ ಕೊಡಿ. ಸೌಂಡ್‌ಕ್ಲೌಡ್‌ನಲ್ಲಿ ಪ್ರೈವೇಟ್ ಆಗಿ ಹಾಕಿದ್ರೆ ಹಾಡಿನ ಯಾವ ಸೆಕೆಂಡಿಗೆ ಬೇಕೋ ಅಲ್ಲೇ ಕಾಮೆಂಟ್ ಹಾಕ್ಬಹುದು, ನಮ್ಮ ಕೆಲಸಕ್ಕೆ ಅದು ತುಂಬಾ ಅನುಕೂಲ. ಫೈಲ್ ಹೆಸರಲ್ಲಿ ಮಿಕ್ಸ್ ನಂಬರ್ ಇರ್ಲಿ, ಮಿಕ್ಸ್ 1, ಮಿಕ್ಸ್ 2 ಹೀಗೆ. ‘ಫೈನಲ್’ ಅನ್ನೋ ಪದ ಮಾಸ್ಟರ್ ಆಗೋವರೆಗೂ ಬಳಸ್ಬೇಡಿ, ಆಮೇಲೆ ‘ಫೈನಲ್ ಹೊಸದು’ ಅಂತ ಶುರುವಾಗುತ್ತೆ.

ಇಲ್ಲಿ ಒಂದು ದೊಡ್ಡ ಮೋಸ ಇದೆ, ಇದನ್ನ ಸ್ವಲ್ಪ ಗಮನ ಕೊಟ್ಟು ಓದಿ. ಎರಡು ಆಡಿಯೋನಲ್ಲಿ ಒಂದು ಒಂದೇ ಒಂದು ಡಿಬಿ (ಡೆಸಿಬಲ್) ಜೋರಾಗಿದ್ರೂ ನಮ್ ಕಿವಿಗೆ ಅದು ‘ಜೋರು’ ಅನ್ಸಲ್ಲ, ‘ಚೆನ್ನಾಗಿದೆ’ ಅನ್ಸುತ್ತೆ. ಮಾಸ್ಟರ್ ಆಗದೇ ಇರೋ ಮಿಕ್ಸ್ ಯಾವಾಗ್ಲೂ ರಿಲೀಸ್ ಆಗಿರೋ ಹಾಡುಗಳಿಗಿಂತ ಮೆತ್ತಗಿರುತ್ತೆ, ಮೆತ್ತಗೇ ಇರ್ಬೇಕು ಕೂಡ, ಮಾಸ್ಟರಿಂಗ್ ಮಾಡೋರಿಗೆ ಜಾಗ ಬೇಕಲ್ಲ. ಆದ್ರೆ ಕೇಳೋರಿಗೆ ಇದು ಗೊತ್ತಿರಲ್ಲ, ಅವರು ಇದಕ್ಕೆ ಮುಂಚೆ ಯಾವುದೋ ಮಾಸ್ಟರ್ ಆಗಿರೋ ಹಾಡು ಕೇಳಿರ್ತಾರೆ, ನಿಮ್ದು ಬಂದ ತಕ್ಷಣ ‘ದಮ್ ಇಲ್ಲ ಮಗಾ’ ಅಂತಾರೆ. ಇದಕ್ಕೆ ಎಂಜಿನಿಯರ್ ಹತ್ರ ಕೇಳಿಸೋಕೆ ಅಂತಾನೇ ಒಂದು ಕಾಪಿ ಮಾಡಿಸ್ಕೊಳ್ಳಿ, ಮೇಲೆ ತಾತ್ಕಾಲಿಕವಾಗಿ ಒಂದು ಲಿಮಿಟರ್ (ಜೋರಾದ ಏಟುಗಳನ್ನ ಒಂದು ಮಿತಿಯಲ್ಲಿ ತಡೆಯೋ ಸಾಧನ) ಹಾಕಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡು ಎಷ್ಟು ಜೋರು ಅನ್ನೋದರ ಅಳತೆ) ತಂದುಕೊಡ್ತಾರೆ. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನ ನುಡಿಸೋದು ಆ ಮಟ್ಟಕ್ಕೆ ತಂದೇ. ಲಿಮಿಟರ್ ಇಲ್ಲದ ಒರಿಜಿನಲ್ ಮಾತ್ರ ಭದ್ರವಾಗಿರ್ಲಿ, ಮಾಸ್ಟರಿಂಗ್‌ಗೆ ಹೋಗ್ಬೇಕಾಗಿರೋದು ಅದೇ.

ವಾಲ್ಯೂಮ್ ವಿಷಯಕ್ಕೆ ಬಂದಿರೋದ್ರಿಂದ ಇನ್ನೊಂದು. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅನ್ನೋರು ತೋರಿಸಿಕೊಟ್ಟ ವಿಷಯ ಇದು, ಶಬ್ದ ಕಡಿಮೆ ಆದಷ್ಟೂ ನಮ್ ಕಿವಿ ಬೇಸ್‌ನ ಕಡಿಮೆ ಕೇಳ್ಸಿಕೊಳ್ಳುತ್ತೆ. ಸ್ಟುಡಿಯೋದ ದೊಡ್ಡ ಸ್ಪೀಕರಲ್ಲಿ ಜೋರಾಗಿ ಹಾಕಿದಾಗ ಎಲ್ಲಾ ಹಾಡೂ ಸಖತ್ತಾಗೇ ಇರುತ್ತೆ. ಅದೇ ಹಾಡನ್ನ ಪಕ್ಕದವರ ಜೊತೆ ಮಾತಾಡೋ ಅಷ್ಟು ಸಣ್ಣ ವಾಲ್ಯೂಮಲ್ಲಿ ಕೇಳಿದಾಗ ಸ್ನೇರ್ (ಟಪ್ ಅಂತ ಸಿಡಿಯೋ ಡ್ರಮ್) ಮತ್ತೆ ವೋಕಲ್ ಎರಡೂ ನಿಂತಿದ್ಯಾ ಅಂತ ನೋಡಿ. ನಿಂತಿದ್ರೆ ಮಿಕ್ಸ್‌ನ ಅಸ್ಥಿಪಂಜರ ಸರಿಯಾಗಿದೆ ಅಂತ ಅರ್ಥ.

ಫೋನ್ ಸ್ಪೀಕರ್, ನೂರಿನ್ನೂರು ರೂಪಾಯಿ ಇಯರ್‌ಫೋನು, ಕಾರು, ಅಡುಗೆಮನೆ ಬ್ಲೂಟೂತ್ ಸ್ಪೀಕರು, ಈ ನಾಲ್ಕರಲ್ಲೂ ಕೇಳೋರು ನಿಮ್ ಏಳೆಂಟು ಜನದಲ್ಲಿ ಇರೋ ಹಾಗೆ ನೋಡ್ಕೊಳ್ಳಿ, ಯಾವುದರಲ್ಲಿ ಕೇಳಿದ್ರು ಅಂತ ಬರ್ಕೊಳ್ಳಿ. ಬೇಸ್ ಗಿಟಾರಿನ ದಪ್ಪ ಇ ತಂತಿ ನುಡಿಯೋದು ಸುಮಾರು 41 ಹರ್ಟ್ಸ್‌ನಲ್ಲಿ, ಯಾವ ಫೋನ್ ಸ್ಪೀಕರಿಗೂ ಅದು ಸಾಧ್ಯ ಇಲ್ಲ, ಫೋನಲ್ಲಿ ನಮಗೆ ಕೇಳೋದು ಅದರ ಮೇಲಿನ ಹಾರ್ಮೋನಿಕ್ಸ್ (ಸ್ವರದ ಜೊತೆಗೇ ಏಳೋ ಮೇಲಿನ ನಾದಗಳು) ಮಾತ್ರ. ಆದ್ರಿಂದ ಫೋನಲ್ಲಿ ಕೇಳ್ದೋರು ‘ಬೇಸೇ ಇಲ್ಲ’ ಅಂದ್ರೆ ಬೇಸ್ ಜೋರು ಮಾಡಿಸ್ಬೇಡಿ, ಕಾರಲ್ಲಿ ಡೋರು ನಡುಗೋಕೆ ಶುರುವಾಗುತ್ತೆ. ಬೇಸ್ ಟ್ರ್ಯಾಕಿಗೆ ಸ್ವಲ್ಪ ಡ್ರೈವ್ (ಹಗುರ ಡಿಸ್ಟಾರ್ಷನ್) ಸೇರಿಸಿ ಅನ್ನಿ, ಮೇಲಿನ ಹಾರ್ಮೋನಿಕ್ಸ್ ಎದ್ದು ಫೋನಲ್ಲೂ ಕೇಳುತ್ತೆ. ಎಡಕ್ಕೂ ಬಲಕ್ಕೂ ಹರಡಿರೋ ಗಿಟಾರ್ ಸಣ್ಣ ಸ್ಪೀಕರಲ್ಲಿ ಸೊರಗಿದ್ರೆ ಎಡ ಬಲ ಸೇರಿಸಿ ಒಂದೇ ಮಾಡಿ, ಅಂದ್ರೆ ಮಾನೋ ಮಾಡಿ, ಕೇಳೋಕೆ ಹೇಳಿ, ಸ್ಟೀರಿಯೋ ಕೋರಸ್ ಥರದ ಎಫೆಕ್ಟ್ ಇದ್ರೆ ಸಾಮಾನ್ಯವಾಗಿ ಅಪರಾಧಿ ಅದೇ.

ಏನಂತ ಕೇಳೋದು

ಕೇಳಿಸೋಕೆ ಮುಂಚೆ ಏನೂ ವಿವರಿಸ್ಬೇಡಿ. ‘ವೋಕಲ್ ಇನ್ನೂ ಸರಿ ಮಾಡ್ಬೇಕು’ ಅಂತ ನೀವೇ ಹೇಳಿಬಿಟ್ರೆ ಕೇಳೋರು ಪಾಪ ಬರೀ ವೋಕಲ್ ತಪ್ಪೇ ಹುಡುಕ್ತಾರೆ. ಎದುರಿಗೆ ಕೂತು ಕೇಳಿಸ್ತಿದ್ರೆ ಅವರ ಮುಖ ನೋಡ್ತಾ ಕೂರ್ಬೇಡಿ, ಆದ್ರೆ ಯಾವಾಗ ಫೋನ್ ಕೈಗೆ ತಗೊಂಡ್ರು ಅನ್ನೋದು ಮಾತ್ರ ಗಮನಿಸಿ, ಆ ಸೆಕೆಂಡ್ ಬರ್ಕೊಳ್ಳಿ. ಬಾಯಲ್ಲಿ ಹೇಳೋ ಎಲ್ಲಾ ಮಾತಿಗಿಂತ ಅದು ನಿಜ.

ದೂರದಿಂದ ಕಳ್ಸೋದಾದ್ರೆ ಈ ಥರ ಒಂದು ಮೆಸೇಜ್ ಹಾಕಿ, ಹಂಗೇ ಕಾಪಿ ಮಾಡ್ಕೊಂಡ್ರೂ ಪರವಾಗಿಲ್ಲ:

‘ಒಂದು ಹಾಡು ಕಳ್ಸಿದೀನಿ, ಇನ್ನೂ ಮುಗಿದಿಲ್ಲ, ಬದಲಾಯಿಸೋಕೆ ಟೈಮಿದೆ, ಅದಕ್ಕೇ ಕೇಳ್ತಿರೋದು. ಒಂದ್ಸಲ ಪೂರ್ತಿ ಕೇಳು, ಮಧ್ಯ ನಿಲ್ಲಿಸ್ಬೇಡ. ಎರಡನೇ ಸಲ ಕೇಳುವಾಗ ಇಷ್ಟು ಬರೆದು ಕಳ್ಸು. ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡಲ್ಲಿ ಬೋರಾಯ್ತು? ಎಲ್ಲಿ ಕಿವಿಗೆ ಹಿಂಸೆ ಆಯ್ತು? ಯಾವ ಸಾಲು ಅರ್ಥ ಆಗ್ಲಿಲ್ಲ? ಯಾವ ಜಾಗ ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು? ಯಾವುದರಲ್ಲಿ ಕೇಳಿದೆ, ಫೋನಾ ಇಯರ್‌ಫೋನಾ? ಚೆನ್ನಾಗಿದ್ಯಾ ಇಲ್ವಾ ಅಂತ ಹೇಳೋದು ಬೇಡ.’

ಕೊನೇ ಸಾಲು ಬಿಡ್ಬೇಡಿ. ಚೆನ್ನಾಗಿದೆ ಅಂತ ಹೇಳೋ ಜವಾಬ್ದಾರಿಯಿಂದ ಬಿಡಿಸಿದ ಮೇಲೇನೇ ಜನ ಬಾಯ್ಬಿಡೋದು. ಗುರುಗಳಿಗೋ ದೊಡ್ಡೋರಿಗೋ ಕಳ್ಸೋದಾದ್ರೆ ಬಹುವಚನ ಹಾಕಿ ಸ್ವಲ್ಪ ಸಣ್ಣದು ಮಾಡಿ, ಒಂದೋ ಎರಡೋ ಪ್ರಶ್ನೆ ಸಾಕು.

ಕನ್ನಡದಲ್ಲಿ ಹಾಡಿದ್ರೆ ಇನ್ನೊಂದು ಪರೀಕ್ಷೆ ಕಡ್ಡಾಯ, ಇಡೀ ಲೇಖನದಲ್ಲಿ ಒಂದೇ ಒಂದು ಮಾಡೋದಾದ್ರೆ ಇದನ್ನ ಮಾಡಿ ಅಂತೀನಿ. ಸಾಹಿತ್ಯ ನೋಡದೇ ಇರೋ ಒಬ್ಬರಿಗೆ ಪೇಪರ್ ಪೆನ್ನು ಕೊಟ್ಟು ಕೇಳಿಸಿದ್ದನ್ನ ಕೇಳಿಸಿದ ಹಾಗೇ ಬರೆಯೋಕೆ ಹೇಳಿ, ಅರ್ಥ ಆಗ್ಲಿಲ್ಲ ಅಂದ್ರೂ ಕಿವಿಗೆ ಬಿದ್ದಿದ್ದು ಬರೀಲಿ. ರಾಕ್ ಟ್ಯೂನ್ ಹಾಕುವಾಗ ನಮ್ಮಲ್ಲಿ ತುಂಬಾ ಜನ ಮೊದಲು ಏನೋ ಇಂಗ್ಲಿಷ್ ಥರದ ಗುನುಗು ಇಟ್ಕೊಂಡು ಆಮೇಲೆ ಅದರೊಳಗೆ ಕನ್ನಡ ತುರುಕ್ತಾರೆ, ಆಗ ಹ್ರಸ್ವ ಇರೋ ಕಡೆ ಟ್ಯೂನ್ ಎಳೆಯುತ್ತೆ, ದೀರ್ಘ ಇರೋ ಕಡೆ ಕತ್ತರಿಸುತ್ತೆ. ‘ಹಳೆ’ ಅಂತ ನೀವು ಹಾಡಿದ್ದು ಅವರ ಪೇಪರಲ್ಲಿ ‘ಹಾಳೆ’ ಆಗಿರುತ್ತೆ, ‘ಬಿಡು’ ಅನ್ನೋದು ‘ಬೀಡು’ ಆಗಿರುತ್ತೆ. ಸ್ನೇರ್ ಮೇಲೆ ಒತ್ತಿ ಹಾಡಿದ ‘ನನ್ನ ಕತೆ’ ಸಲೀಸಾಗಿ ‘ನನ್ನ ಕತ್ತೆ’ ಆಗುತ್ತೆ, ದುಃಖದ ಹಾಡಾಗಿದ್ರೆ ಮುಗೀತು ಕತೆ. ಹಕಾರ ಅಂತೂ ಮೈಕ್ ಹತ್ರ ಉಸಿರಲ್ಲಿ ಕರಗೇ ಹೋಗಿರುತ್ತೆ. ಇಂಥ ಸಾಲುಗಳು ಮಿಕ್ಸಲ್ಲಿ ಸರಿಹೋಗಲ್ಲ, ಎರಡು ಮೂರು ಸಾಲಿಗೆ ಸ್ಟುಡಿಯೋಗೆ ವಾಪಸ್ ಹೋಗಿ ಪಂಚ್ ಇನ್ ಮಾಡಿ (ಆ ಸಾಲು ಮಾತ್ರ ಮತ್ತೆ ಹಾಡಿ ಸೇರಿಸಿ) ಬರೋದೇ ದಾರಿ, ಅರ್ಧ ಗಂಟೆ ಕೆಲಸ.

ಬರೆದಿರೋದು ತಪ್ಪಲ್ಲ, ಜಾಗ ಖಾಲಿ ಬಿಟ್ಟಿದಾರೆ ಅಂದ್ರೆ ಅದು ಬೇರೆ ಕಾಯಿಲೆ. ಅಲ್ಲಿ ಉಚ್ಚಾರ ಸರಿಯಾಗಿದೆ, ಮೇಲೆ ಏನೋ ಮುಚ್ತಿದೆ. ವ್ಯಂಜನಗಳು ಸ್ಪಷ್ಟ ಆಗೋದು ಸುಮಾರು 2ರಿಂದ 5 ಕಿಲೋಹರ್ಟ್ಸ್ ಮಧ್ಯ, ಡಿಸ್ಟಾರ್ಷನ್ ಗಿಟಾರ್ ಕಿಕ್ಕಿರಿದು ಕೂತಿರೋದೂ ಅಲ್ಲೇ. ವೋಕಲ್ ಎತ್ತಿ ಅನ್ನೋ ಬದಲು ಹಾಡು ಬರೋ ಕಡೆ ಗಿಟಾರನ್ನ ಆ ಜಾಗದಲ್ಲಿ ಸ್ವಲ್ಪ ಕೆಳಗಿಳಿಸಿ ಅನ್ನಿ.

ಬಂದಿದ್ದನ್ನ ಓದೋದು

ಎಲ್ಲಾ ಉತ್ತರ ಬಂದ್ಮೇಲೆ ಒಂದು ಶೀಟಲ್ಲಿ ಸೆಕೆಂಡ್ ಪ್ರಕಾರ ಜೋಡಿಸಿ, ಯಾರು ಹೇಳಿದ್ರು ಅನ್ನೋ ಹೆಸರು ಮುಚ್ಚಿಡಿ, ಇಲ್ಲಾಂದ್ರೆ ‘ಅವನಿಗೇನು ಗೊತ್ತು’ ಅನ್ನೋ ಚರ್ಚೆ ಶುರುವಾಗುತ್ತೆ. ಒಬ್ಬರು ಮಾತ್ರ ಹೇಳಿರೋದನ್ನ ಸದ್ಯಕ್ಕೆ ಬಿಡಿ. ಮೂರು ಜನ ಒಂದೇ ಜಾಗ ತೋರಿಸಿದಾರೆ ಅಂದ್ರೆ ಅಲ್ಲಿ ಖಂಡಿತಾ ಏನೋ ಇದೆ, ಮೂವರೂ ಮೂರು ಕಾರಣ ಕೊಟ್ಟಿದ್ರೂ ಸರಿ. ‘1:48ರಲ್ಲಿ ಗಿಟಾರ್ ಜಾಸ್ತಿ’, ‘1:50ಕ್ಕೆ ಬೋರು’, ‘ಎರಡನೇ ಪಲ್ಲವಿ ಮೊದಲನೇದರಷ್ಟು ಎತ್ಲಿಲ್ಲ’ ಈ ಮೂರೂ ಒಂದೇ ಕಂಪ್ಲೇಂಟು. ಬಹುಶಃ ಮೊದಲನೇ ಪಲ್ಲವಿಯಲ್ಲೇ ಎಲ್ಲಾ ವಾದ್ಯ ಸುರಿದುಬಿಟ್ಟಿದೀರಿ, ಎರಡನೇದಕ್ಕೆ ಸೇರಿಸೋಕೆ ಏನೂ ಉಳಿದಿಲ್ಲ. ಮದ್ದು ಅರೇಂಜ್‌ಮೆಂಟಲ್ಲಿದೆ, ಮೊದಲನೇದರಲ್ಲಿ ಒಂದು ಗಿಟಾರ್ ಮ್ಯೂಟ್ ಮಾಡಿದ್ರೆ ಖರ್ಚಿಲ್ಲದೆ ಮುಗಿಯುತ್ತೆ.

ಜನ ಬಳಸೋ ಮಾತುಗಳನ್ನ ಎಂಜಿನಿಯರ್ ಭಾಷೆಗೆ ತರೋದು ಒಂದು ಅಭ್ಯಾಸ. ‘ಗಜಿಬಿಜಿ’, ‘ಮಬ್ಬು’ ಅಂದ್ರೆ ಹೆಚ್ಚಾಗಿ 200ರಿಂದ 400 ಹರ್ಟ್ಸ್ ಹತ್ರ ಬೇಸು, ಎರಡು ಗಿಟಾರು, ಕಿಕ್ಕು ಎಲ್ಲಾ ಗುಂಪುಗೂಡಿರುತ್ತೆ. ‘ಡಬ್ಬದೊಳಗೆ ಬಡಿದಂಗಿದೆ’ ಅಂತ ಡ್ರಮ್ಸ್‌ಗೆ ಅಂದ್ರೆ ಅದಕ್ಕಿಂತ ಸ್ವಲ್ಪ ಮೇಲೆ, 300ರಿಂದ 600ರ ಕಡೆ ನೋಡೋಕೆ ಹೇಳಿ, ಚಿಕ್ಕ ರೂಮಲ್ಲಿ ರೆಕಾರ್ಡ್ ಮಾಡಿದ್ರೆ ಇದು ಇದ್ದೇ ಇರುತ್ತೆ. ‘ಚುಚ್ಚುತ್ತೆ’ ಅನ್ನೋದು ಸಕಾರ ಶಕಾರ ಬಂದಾಗ ಮಾತ್ರ ಆದ್ರೆ ಡಿ-ಎಸ್ಸರ್ (ಆ ಅಕ್ಷರಗಳ ಚುಚ್ಚು ತಗ್ಗಿಸೋ ಸಾಧನ) ಸಾಕು, ಉದ್ದಕ್ಕೂ ಇದ್ರೆ ಸಿಂಬಲ್ಸ್ ಅಥವಾ ಗಿಟಾರ್. ‘ದೂರದಿಂದ ಹಾಡ್ದಂಗಿದೆ’ ಅಂದ್ರೆ ರಿವರ್ಬ್ (ಪ್ರತಿಧ್ವನಿ ಥರದ ಎಫೆಕ್ಟ್) ಜಾಸ್ತಿ ಆಗಿದೆ, ಹಾಡೋರು ತಮ್ಮ ದನಿ ಬಗ್ಗೆ ನಾಚಿಕೆಪಟ್ಟು ತಾವೇ ಕೇಳಿ ಹಾಕ್ಸಿಕೊಂಡಿರ್ತಾರೆ, ಅದು ಬೇರೆ ವಿಷಯ.

‘ದಮ್ ಇಲ್ಲ’ ಅನ್ನೋದು ಎಲ್ಲಕ್ಕಿಂತ ಕಷ್ಟದ ಕಾಮೆಂಟು. ವಾಲ್ಯೂಮ್ ಸಮ ಮಾಡಿ ಕೇಳಿಸಿದ ಮೇಲೂ ಹಂಗೇ ಅಂದ್ರೆ ಮೊದಲು ಡ್ರಮ್ಸ್ ನೋಡಿ. ಸ್ನೇರ್‌ಗೆ ಮೇಲೊಂದು ಕೆಳಗೊಂದು ಮೈಕ್ ಇಟ್ಟಿದ್ರೆ ಒಂದೇ ಏಟಿಗೆ ಎರಡೂ ಉಲ್ಟಾ ದಿಕ್ಕಲ್ಲಿ ಅಲುಗಾಡುತ್ತೆ, ಒಂದರ ಪೊಲಾರಿಟಿ (ಸಿಗ್ನಲ್‌ನ ಪ್ಲಸ್ ಮೈನಸ್ ದಿಕ್ಕು) ತಿರುಗಿಸದೇ ಬಿಟ್ರೆ ಎರಡೂ ಸೇರಿ ಸ್ನೇರ್‌ನ ತಿಂದುಹಾಕುತ್ತೆ. ಒಂದು ಬಟನ್ ಕೆಲಸ, ಎಂಜಿನಿಯರ್‌ಗೆ ‘ಫೇಸ್ ಒಂದ್ಸಲ ಚೆಕ್ ಮಾಡ್ತೀರಾ’ ಅಂತ ವಿನಯವಾಗಿ ಕೇಳಿ. ಅದು ಸರಿಯಿದ್ರೆ ಗಿಟಾರ್ ಗೇಯ್ನ್ (ಡಿಸ್ಟಾರ್ಷನ್ ಎಷ್ಟು ಅನ್ನೋದು) ನೋಡಿ. ಸ್ಟೇಜ್ ಮೇಲೆ ಇಡೋ ಗೇಯ್ನನ್ನೇ ಸ್ಟುಡಿಯೋದಲ್ಲೂ ಇಟ್ಟಿರ್ತೀವಿ, ಅಲ್ಲಿ ಮೀಟಿದ ಏಟೇ ಕೇಳದೆ ಬರೀ ಜುಯ್ ಅನ್ನೋದು ಉಳಿಯುತ್ತೆ. ಗೇಯ್ನ್ ಕಡಿಮೆ ಮಾಡಿ ಅದನ್ನೇ ಎರಡು ಸಲ ನುಡಿಸಿ ಎಡ ಬಲ ಹಾಕಿದ್ರೆ ಬರೋ ತೂಕ ಗೇಯ್ನ್‌ನಿಂದ ಬರಲ್ಲ. ರೆಕಾರ್ಡ್ ಮಾಡುವಾಗ ಡಿಐ ಟ್ರ್ಯಾಕ್ (ಆಂಪ್ ಇಲ್ಲದೆ ಗಿಟಾರಿಂದ ನೇರ ಬಂದ ಸದ್ದು) ಕೂಡ ತಗೊಂಡಿದ್ರೆ ಮತ್ತೆ ನುಡಿಸದೇನೇ ಬೇರೆ ಆಂಪ್ ಹಾಕ್ಬಹುದು, ತಗೊಂಡಿಲ್ಲ ಅಂದ್ರೆ ಮುಂದಿನ ಸಲ ನೆನಪಿರ್ಲಿ.

ಬ್ಯಾಂಡ್ ಒಳಗಿನ ಜಗಳ

ಹೊರಗಿನವರ ಫೀಡ್‌ಬ್ಯಾಕ್ ಸುಲಭ, ಒಳಗಿನದ್ದೇ ಕಷ್ಟ. ಮಿಕ್ಸ್ ಕೇಳುವಾಗ ಪ್ರತಿಯೊಬ್ಬರಿಗೂ ತಮ್ಮ ವಾದ್ಯ ಒಂಚೂರು ಕಡಿಮೆ ಅನ್ಸುತ್ತೆ, ಎಲ್ಲರದ್ದನ್ನೂ ಒಂಚೂರು ಎತ್ತಿದ್ರೆ ಎಲ್ಲಿಗೆ ಶುರು ಮಾಡಿದ್ವೋ ಅಲ್ಲಿಗೇ ಬಂದಿರ್ತೀವಿ, ಜೋರಾಗಿ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ 1988ರ ಆಲ್ಬಮ್ ‘...ಅಂಡ್ ಜಸ್ಟಿಸ್ ಫಾರ್ ಆಲ್’ ಕೇಳಿರೋರಿಗೆ ಗೊತ್ತು, ಬೇಸ್ ಅನ್ನೋದು ಹುಡುಕಿದ್ರೂ ಸಿಗಲ್ಲ. ಬೇಸ್ ನುಡಿಸ್ತಿದ್ದ ಜೇಸನ್ ನ್ಯೂಸ್ಟೆಡ್ ಆಗ ಬ್ಯಾಂಡಿಗೆ ಹೊಸಬ. ಮಿಕ್ಸ್ ಮಾಡಿದವರಲ್ಲಿ ಒಬ್ಬರಾದ ಸ್ಟೀವ್ ಥಾಮ್ಸನ್ ಆಮೇಲೆ ಹೇಳ್ಕೊಂಡಿರೋ ಪ್ರಕಾರ ಬೇಸ್ ಇಳಿಸಿ ಅಂತ ಕೂತಿದ್ದು ಡ್ರಮ್ಮರ್ ಲಾರ್ಸ್ ಉಲ್ರಿಚ್. ಇಪ್ಪತ್ತು ವರ್ಷ ಆದ್ಮೇಲೆ ಅದೇ ಬ್ಯಾಂಡು 2008ರ ‘ಡೆತ್ ಮ್ಯಾಗ್ನೆಟಿಕ್’ನ ಎಷ್ಟು ಜೋರು ಮಾಡಿಸ್ತು ಅಂದ್ರೆ ಗಿಟಾರ್ ಹೀರೋ ಅನ್ನೋ ವಿಡಿಯೋ ಗೇಮಲ್ಲಿರೋ ವರ್ಷನ್ನೇ ಸಿಡಿಗಿಂತ ಚೆನ್ನಾಗಿದೆ ಅಂತ ಅಭಿಮಾನಿಗಳೇ ಗಲಾಟೆ ಮಾಡಿ, ಮತ್ತೆ ಮಿಕ್ಸ್ ಮಾಡಿ ಅಂತ ಅರ್ಜಿ ಹಾಕಿದ್ರು. ಅವರೇನೋ ತಡ್ಕೊಂಡ್ರು, 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮವರು ಯಾರೂ ಬೇಸ್ ಎಲ್ಲಿ ಅಂತ ಕೇಳ್ಲಿಲ್ಲ. ನಮ್ ನಿಮ್ ಬ್ಯಾಂಡಿಗೆ ಆ ಸೌಲಭ್ಯ ಇಲ್ಲ.

ಅದಕ್ಕೆ ಒಂದು ನಿಯಮ ಮಾಡ್ಕೊಳ್ಳಿ. ಯಾರೂ ತಮ್ಮ ವಾದ್ಯದ ಬಗ್ಗೆ ಮಾತಾಡೋ ಹಾಗಿಲ್ಲ, ಬೇರೆಯವರ ವಾದ್ಯದ ಬಗ್ಗೆ ಮಾತ್ರ. ಎಲ್ಲರೂ ಬೇರೆ ಬೇರೆ ಕೂತು ಬರೆದು, ಆಮೇಲೆ ಒಟ್ಟಿಗೆ ಕೂತು ಓದಿ. ಮೊದಲೇ ಒಟ್ಟಿಗೆ ಕೂತ್ರೆ ಗಂಟಲು ದೊಡ್ಡದಿರೋನ ಮಿಕ್ಸ್ ಆಗುತ್ತೆ, ಅವನು ಸಾಮಾನ್ಯವಾಗಿ ಲೀಡ್ ಗಿಟಾರಿಸ್ಟ್. ವೋಕಲ್ ಮಟ್ಟದ ಬಗ್ಗೆ ತೀರ್ಮಾನ ಆಗದೇ ಇದ್ರೆ ಜಗಳ ಬೇಡ, ವೋಕಲ್ ಒಂದು ಡಿಬಿ ಮೇಲೆ, ಒಂದು ಡಿಬಿ ಕೆಳಗೆ ಅಂತ ಇನ್ನೆರಡು ಕಾಪಿ ಕೇಳಿ ಇಟ್ಕೊಳ್ಳಿ, ಒಂದು ವಾರ ಬಿಟ್ಟು ಆರಿಸಿ.

ಎಂಜಿನಿಯರ್ ಜೊತೆ ಮಾತಾಡೋದು ಒಬ್ಬರೇ. ಒಂದೇ ಡಾಕ್ಯುಮೆಂಟು, ಸೆಕೆಂಡ್ ಹಾಕಿ, ಮುಖ್ಯವಾದದ್ದು ಮೇಲೆ. ‘3 ಕಿಲೋಹರ್ಟ್ಸಲ್ಲಿ 2 ಡಿಬಿ ಕಟ್ ಮಾಡಿ’ ಅಂತ ಅಪ್ಪಣೆ ಕೊಡೋ ಬದಲು ‘0:52ರಿಂದ 1:10 ವರೆಗೆ ಮಾತು ಕೇಳ್ತಿಲ್ಲ ಅಂತ ನಾಲ್ಕು ಜನ ಅಂದ್ರು, ಗಿಟಾರ್ ಅಡ್ಡ ಬರ್ತಿದ್ಯೇನೋ ನೋಡ್ತೀರಾ’ ಅನ್ನಿ. ಅವರ ಕಿವಿಗೆ ಬೇರೆ ದಾರಿ ಹೊಳೀಬಹುದು, ಹೊಳೆಯೋಕೆ ಜಾಗ ಕೊಡಿ. ಒಂದು ರೆಫರೆನ್ಸ್ ಹಾಡನ್ನೂ ಕೊಡಿ, ಆದ್ರೆ ಯೋಚಿಸಿ ಆರಿಸಿ. ಕನ್ನಡ ದನಿ, ಗಿಟಾರು, ಡ್ರಮ್ಸು ಸೇರಿರೋದು ಬೇಕಂದ್ರೆ ರಘು ದೀಕ್ಷಿತ್ ಪ್ರಾಜೆಕ್ಟೋ ಸ್ವರಾತ್ಮನೋ ಹತ್ರ ಇರೋದು, ಹೆವಿ ಆದ್ರೆ ಬೆಂಗಳೂರಿನದೇ ಕ್ರಿಪ್ಟೋಸ್ ಇದೆ. ಕೋಟಿ ಖರ್ಚಿನ ವಿದೇಶಿ ಆಲ್ಬಮ್ ಕೊಟ್ಟು ಹಿಂಗೇ ಬೇಕು ಅಂದ್ರೆ ಎಂಜಿನಿಯರ್ ಸುಮ್ನೆ ನಗ್ತಾರೆ.

ಎಲ್ಲಿಗೆ ನಿಲ್ಲಿಸೋದು

ಎರಡನೇ ಮಿಕ್ಸನ್ನ ಮೊದಲು ಕೇಳ್ದೋರಲ್ಲಿ ಅರ್ಧ ಜನಕ್ಕೆ, ಜೊತೆಗೆ ಹೊಸಬರು ಎರಡು ಮೂರು ಜನಕ್ಕೆ ಕೊಡಿ, ಹಳಬರ ಕಿವಿ ಈಗಾಗ್ಲೇ ಹಾಡಿಗೆ ಒಗ್ಗಿರುತ್ತೆ. ಈ ಸಲ ಒಬ್ಬರು ವೋಕಲ್ ಜಾಸ್ತಿ, ಇನ್ನೊಬ್ಬರು ಕಡಿಮೆ, ಒಬ್ಬರು ಡ್ರಮ್ಸ್ ಸೂಪರ್, ಇನ್ನೊಬ್ಬರು ಡ್ರಮ್ಸ್ ಡಲ್ ಅಂತ ಉಲ್ಟಾಪಲ್ಟಾ ಹೇಳೋಕೆ ಶುರು ಮಾಡಿದ್ರೆ ಮಿಕ್ಸ್ ಆಯ್ತು ಅಂತ ಅರ್ಥ, ಉಳಿದಿರೋದು ಬರೀ ಅವರವರ ಟೇಸ್ಟು. ಆಗ್ಲೂ ಎಲ್ಲರೂ ಒಂದೇ ಜಾಗ ತೋರಿಸ್ತಿದ್ರೆ, ಅದೂ ‘ಉದ್ದ ಆಯ್ತು’ ಅನ್ನೋ ಥರದ್ದಾದ್ರೆ, ಅದು ಹಾಡಿನದ್ದೇ ತೊಂದರೆ. ಎಂಟು ಬಾರ್ ಸೋಲೋ ಕತ್ತರಿಸೋಕೆ ಧೈರ್ಯ ಇದ್ರೆ ಈಗ ಕತ್ತರಿಸಿ, ಕ್ಲಿಕ್‌ಗೆ (ಹೆಡ್‌ಫೋನಲ್ಲಿ ಕೇಳೋ ಟಿಕ್ ಟಿಕ್ ತಾಳಕ್ಕೆ) ನುಡಿಸಿದ್ರೆ ಎಡಿಟಿಂಗ್ ಸುಲಭ.

ಮಾಸ್ಟರ್ ಬಂದ್ಮೇಲೆ ಅಭಿಪ್ರಾಯ ಕೇಳೋ ಕೆಲಸ ಮುಗೀತು, ಅಲ್ಲಿ ಪರೀಕ್ಷೆ ಮಾತ್ರ. ಹಾಡಿನ ಮೊದಲ ಸೆಕೆಂಡ್ ಕಟ್ ಆಗಿಲ್ವಾ, ಕೊನೇ ಸಿಂಬಲ್ ಪೂರ್ತಿ ಆರೋವರೆಗೂ ಇದ್ಯಾ, ಮಧ್ಯ ಎಲ್ಲೂ ಟಿಕ್ ಟಿಕ್ ಅಂತಿಲ್ವಾ, ಹೆಸರು ಸ್ಪೆಲ್ಲಿಂಗ್ ಸರಿ ಇದ್ಯಾ. ಕೊನೇ ಕಂತಿನ ದುಡ್ಡು ಕೊಡೋ ಮುಂಚೆ ಮಾಸ್ಟರ್ ಜೊತೆ ವೋಕಲ್ ಇಲ್ಲದ ಇನ್‌ಸ್ಟ್ರುಮೆಂಟಲ್, ಲಿಮಿಟರ್ ಇಲ್ಲದ ಮಿಕ್ಸ್, ಬಿಡಿ ಬಿಡಿ ಟ್ರ್ಯಾಕುಗಳು ಮೂರನ್ನೂ ಹಾರ್ಡ್ ಡಿಸ್ಕಿಗೆ ಹಾಕ್ಸಿಕೊಂಡು ಬನ್ನಿ. ಫೀಡ್‌ಬ್ಯಾಕ್ ಕೊಟ್ಟೋರಿಗೆಲ್ಲ ರಿಲೀಸ್‌ಗೆ ಮುಂಚೆ ಹಾಡು ಕಳ್ಸಿ, ‘ನೀನು ಹೇಳಿದ 1:48ರದ್ದು ಸರಿ ಮಾಡಿದೀವಿ, ಕೇಳು’ ಅಂತ ಒಂದು ಸಾಲು ಹಾಕಿ. ಮುಂದಿನ ಹಾಡಿಗೂ ಅವರೇ ಬೇಕಲ್ಲ.